ಬಿಟ್ಟುಹೋದ ಅಂಬಿಗರಿಗೆ ಮುಖ ಕೊಡುವ ಕುರಿತು

ಪೋರ್ಟ್ ಲಾರಾಬಿ ನಗರಸಭೆ
(ಇಲಾಖೆಯ ಹೆಸರಿನಲ್ಲಿ ‘ಬೇಸ್‌ಬಾಲ್’ ಎಂಬ ಪದವಿದ್ದ ಕಾರಣ ಇಪ್ಪತ್ತೆರಡು ವರ್ಷದ ಹಿಂದೆ ಬಾಗಿಲಿನ ಫಲಕವನ್ನು ಕಿತ್ತುಹಾಕಲಾಗಿದ್ದು, ಹೊಸ ಹೆಸರು ಪರಿಶೀಲನೆಯಲ್ಲಿದೆ)

ಸಂಖ್ಯೆ: ಹೆಸರಿಲ್ಲ/ಸ್ವಾಗತ/ಅರ್ಧ/7
ದಿನಾಂಕ: ಏಪ್ರಿಲ್ 9, ಗುರುವಾರ

ಸುತ್ತೋಲೆ

ವಿಷಯ: ಊರು ಬಿಟ್ಟು ಹೋಗಿದ್ದ ‘ಅಂಬಿಗರು’ ಬೇಸ್‌ಬಾಲ್ ತಂಡವು ವಾಪಸು ಬರುವ ಇಚ್ಛೆ ವ್ಯಕ್ತಪಡಿಸಿದ್ದು, ಸದರಿ ತಂಡಕ್ಕೆ ಮುಖ ಕೊಡಬೇಕೇ, ಕೊಡುವುದಾದರೆ ಎಷ್ಟು ಕೊಡಬೇಕು ಎಂಬ ಬಗ್ಗೆ.

ಓದಲಾಗಿದೆ:

1. ತಂಡದ ಮಾಲೀಕರ ಪತ್ರ (ಎರಡು ಪುಟ, ‘ಕ್ಷಮೆ’ ಎಂಬ ಪದಕ್ಕಾಗಿ ಹುಡುಕಲಾಗಿ ಸಿಕ್ಕಿರುವುದಿಲ್ಲ).

2. ಮಾರ್ಚ್ 26ರ ಸಾರ್ವಜನಿಕ ವಿಚಾರಣೆಯ ನಡವಳಿ.

3. ಮೇಯರ್ ಅವರ ಮೌಖಿಕ ಆದೇಶ: “ಏನಾದ್ರೂ ಮಾಡ್ಕೊಳ್ಳಿ, ನನ್ನ ಹೆಸರು ಬರ್ಬಾರ್ದು ಅಷ್ಟೆ.”

4. ಆಟದ ನಡುವೆ ಮೈದಾನದಲ್ಲಿ ನುಡಿಸುವ, ತಂಡದ ಆರ್ಗನ್ ವಾದಕಿ ಬರ್ನೀಸ್ ಕೊವಾಚಿಕ್ ಅವರು, ಈ ಸುತ್ತೋಲೆಯ ಕರಡು ಬರೆದ ಅಧಿಕಾರಿಯೂ ತಮ್ಮ ಒಡಹುಟ್ಟಿದ ತಮ್ಮನೂ ಆದ ಅರ್ವಿನ್ ಕೊವಾಚಿಕ್ ಅವರಿಗೆ (ಇನ್ನು ಮುಂದೆ ‘ಸದರಿ ಅಧಿಕಾರಿ’) ಬರೆದ ಅಂಚೆ ಕಾರ್ಡು. ಒಕ್ಕಣೆ: “ಶನಿವಾರ ತಂಡದ ಬಸ್ಸಲ್ಲಿ ನಾನೂ ಬರ್ತಿದೀನಿ. ನಿಂಗೆ ಇಷ್ಟ ಇದ್ರೆ ಸಿಗು.” (ಖಾಸಗಿ. ಆದರೆ ಟಪಾಲಿನ ನಡುವೆ ಸೇರಿ ಮುದ್ರೆ ಬಿದ್ದಿರುವುದರಿಂದ ಕಡತದಿಂದ ತೆಗೆಯಲು ನಿಯಮದಲ್ಲಿ ಅವಕಾಶವಿರುವುದಿಲ್ಲ.)

ಪ್ರಸ್ತಾವನೆ:

ಅಂಬಿಗರು ತಂಡವು ಎಂಬತ್ತು ವರ್ಷ ಈ ಊರಿನ ಸರೋವರದ ದಡದಲ್ಲಿ ಆಡಿಕೊಂಡಿದ್ದು, ಅದರಲ್ಲಿ ಎಪ್ಪತ್ತೆಂಟು ವರ್ಷ ಸೋತಿರುತ್ತದೆ. ಆ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಒಂದೇ ವಿಷಯಕ್ಕೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಅಕ್ಟೋಬರ್ ಬೆಳಿಗ್ಗೆ ತಂಡವು ಯಾರಿಗೂ ಹೇಳದೆ ಕೇಳದೆ, ಬಾವಿ ತೋಡಿದರೂ ನೀರು ಕಾಣದ ಮರಳುಗಾಡಿನ ಊರಿಗೆ ಗಂಟುಮೂಟೆ ಕಟ್ಟಿತು. ಅಲ್ಲಿ ದೋಣಿ ಎಂಬುದನ್ನೇ ನೋಡದ ಜನರ ನಡುವೆ ‘ಅಂಬಿಗರು’ ಎಂಬ ಹೆಸರಿನಲ್ಲೇ ಆಡುತ್ತಿರುವುದು ಗಮನಕ್ಕೆ ಬಂದಿದೆ.

ವಿಚಾರಣೆಯಲ್ಲಿ ನಾಲ್ಕು ಗಂಟೆ ಜನ ಮಾತಾಡಿದರೂ ಎಲ್ಲರೂ ಹೇಳಿದ್ದು ಇದನ್ನೇ. ಕ್ಷೌರದಂಗಡಿಯ ಲೂಥರ್ ಪಿಂಕ್ನಿ ಅವರ ಹೇಳಿಕೆಯನ್ನು ಮಾದರಿಯಾಗಿ ಇಲ್ಲಿ ನಮೂದಿಸಲಾಗಿದೆ: “ಹೋಗೋದು ಅವರಿಷ್ಟ ಕಣ್ರಯ್ಯಾ. ಆದ್ರೆ ಹೇಳಿ ಹೋಗ್ಬೇಕಿತ್ತು. ನಮ್ಮ ಮೇಲ್ಮಹಡಿ ಬಾಡಿಗೆಯವ್ನು ಕಳ್ಳ ನನ್ಮಗ, ಅವ್ನೂ ಬಾಗಿಲು ತಟ್ಟಿ ಹೇಳೇ ಹೋದ.” ನಂತರ ಕೈ ಎತ್ತಿಸಲಾಗಿ, ಸ್ವಾಗತಿಸಬೇಕು ಎಂದವರೂ ಬಾಗಿಲು ಹಾಕಬೇಕು ಎಂದವರೂ ಸರಿಸಮ ಇದ್ದರು. ಸದರಿ ಅಧಿಕಾರಿ ಕೈ ಎತ್ತಿರಲಿಲ್ಲ. ಯಾಕೆಂದು ಕೇಳಲಾಗಿ, ನಡವಳಿ ಬರೆದುಕೊಳ್ಳುತ್ತಿದ್ದೆ ಎಂದು ಹೇಳಿರುತ್ತಾರೆ.

ಆದ್ದರಿಂದ ತಂಡವನ್ನು ಸ್ವಾಗತಿಸಿದಂತೆಯೂ ಇರಬೇಕು, ಸ್ವಾಗತಿಸದಂತೆಯೂ ಇರಬೇಕು ಎಂದು ನಗರಸಭೆ ತೀರ್ಮಾನಿಸಿದ್ದು, ಎಲ್ಲ ಸಿಬ್ಬಂದಿ ಹಾಗೂ ನಾಗರಿಕರಿಗೆ ಕೆಳಕಂಡಂತೆ ಸೂಚಿಸಲಾಗಿದೆ.

1. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ತಂಡದ ಬಸ್ಸು ನಗರಸಭೆಯ ಎದುರು ನಿಲ್ಲುವಾಗ ಸಾರ್ವಜನಿಕರು ಹಾಜರಿರಬಹುದು. ಆದರೆ ಬಸ್ಸಿಗಾಗಿಯೇ ಬಂದವರಂತೆ ಕಾಣತಕ್ಕದ್ದಲ್ಲ. ಕೈಯಲ್ಲಿ ತರಕಾರಿ ಚೀಲವನ್ನಾಗಲೀ ನಾಯಿಯ ಹಗ್ಗವನ್ನಾಗಲೀ ಹಿಡಿದು, ಹಾದುಹೋಗುತ್ತಿದ್ದೆ ಎಂಬ ಮುಖ ಮಾಡಿಕೊಂಡಿರತಕ್ಕದ್ದು. ನಾಯಿ ಇಲ್ಲದವರ ಅನುಕೂಲಕ್ಕಾಗಿ ಇಲಾಖೆಯು ಹನ್ನೊಂದು ನಾಯಿಗಳನ್ನು ಗೊತ್ತು ಮಾಡಿದ್ದು, ತಲಾ ನಾಲ್ಕು ನಿಮಿಷದಂತೆ ಸರದಿಯಲ್ಲಿ ಕೊಡಲಾಗುವುದು. ನಾಯಿಗಳು ಬಾಲ ಅಲ್ಲಾಡಿಸಿದಲ್ಲಿ ಅದನ್ನು ನಗರಸಭೆಯ ಅಧಿಕೃತ ನಿಲುವೆಂದು ಭಾವಿಸತಕ್ಕದ್ದಲ್ಲ.

2. ಬಸ್ಸಿನ ಬಾಗಿಲು ತೆರೆಯುವವರೆಗೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಿರತಕ್ಕದ್ದು. ಬಾಗಿಲು ತೆರೆದ ಮೇಲೆ ಒಂದು ಕೈಯನ್ನು ಬಿಡಿಸಬಹುದು. ಚಪ್ಪಾಳೆಗೆ ಎರಡು ಕೈ ಬೇಕಾಗುವುದರಿಂದ, ಪಕ್ಕದವರ ಬಿಡಿಸಿದ ಕೈಗೆ ಹೊಡೆದು ಚಪ್ಪಾಳೆ ತಟ್ಟಲು ಅನುಮತಿ ಇದೆ. ಪಕ್ಕದವರು ಪರಿಚಿತರಾಗಿರತಕ್ಕದ್ದು.

3. ತಂಡದ ಹಳೆಯ ಟೋಪಿಗಳ ಬಗ್ಗೆ. ತಂಡ ಊರು ಬಿಟ್ಟ ವಾರ ಸರೋವರದ ಕಟ್ಟೆಯ ಮೇಲೆ ಊರಿಗೆ ಊರೇ ಸೇರಿ ಟೋಪಿಗಳನ್ನು ಸುಟ್ಟಿದ್ದು ಸರಿಯಷ್ಟೆ. ಆದರೆ ಈಚೆಗೆ ಮನೆಮನೆ ಸಮೀಕ್ಷೆ ಮಾಡಲಾಗಿ, ಪ್ರತಿಯೊಂದು ಮನೆಯಲ್ಲೂ ಟೋಪಿ ಇರುವುದು ಕಂಡುಬಂದಿದೆ. ಬಹುಪಾಲು ಜನ ತಮ್ಮ ಭಾವಮೈದುನನ ಟೋಪಿಯನ್ನು ಸುಟ್ಟಿದ್ದಾಗಿ ಒಪ್ಪಿಕೊಂಡಿರುತ್ತಾರೆ. ಸದರಿ ಟೋಪಿಗಳನ್ನು ಶನಿವಾರ ಧರಿಸಬಹುದು. ಕೇಳಿದವರಿಗೆ ‘ಚಳಿ’ ಎಂದು ಉತ್ತರಿಸತಕ್ಕದ್ದು. ಅಂದು ಚಳಿ ಇರುವಂತೆ ನೋಡಿಕೊಳ್ಳಲು ಹವಾಮಾನ ಕಚೇರಿಗೆ ಪತ್ರ ಬರೆಯಲಾಗಿದ್ದು, ಉತ್ತರ ಬಂದಿಲ್ಲ. ನೆನಪೋಲೆ ಹೋಗಿದೆ.

4. ಬಾಯಿಬಿಡುವ ಬಗ್ಗೆ. ಚೆಂಡೆಸೆಗಾರನೊಬ್ಬ ಎದುರು ತಂಡಕ್ಕೆ ಒಂದೂ ಹೊಡೆತ ಬಿಟ್ಟುಕೊಡದೆ ಆಡುತ್ತಿರುವಾಗ ಆ ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವನ ಪಕ್ಕ ಯಾರೂ ಕೂರುವುದೂ ಇಲ್ಲ, ಹೇಳಿದರೆ ಮುಂದಿನ ಚೆಂಡಿಗೇ ಎಡವಟ್ಟಾಗುತ್ತದೆ ಎಂಬುದು ಈ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ತಿಳಿದ ಕಟ್ಟಳೆ. ಅದೇ ರೀತಿ ಕರಾರಿಗೆ ಸಹಿ ಬೀಳುವವರೆಗೆ ‘ವಾಪಸು’ ಎಂಬ ಪದವನ್ನು ನಿಷೇಧಿಸಲಾಗಿದೆ. ಬದಲಿಗೆ ‘ಆ ವಿಚಾರ’ ಎನ್ನತಕ್ಕದ್ದು. ಈ ಸುತ್ತೋಲೆಯಲ್ಲಿ ಆ ಪದ ಬಂದಿರುವಷ್ಟೂ ಸಲ ಸದರಿ ಅಧಿಕಾರಿ ಎದ್ದು ಹೊರಗೆ ಹೋಗಿ, ಅಪಶಕುನ ಕಳೆಯಲು ಮೂರು ಸುತ್ತು ತಿರುಗಿ ಒಳಗೆ ಬಂದಿರುತ್ತಾರೆ. ಅನಿವಾರ್ಯವಾಗಿ ಹೇಳಬೇಕಾದ ಸಿಬ್ಬಂದಿ ಕೂಡಲೇ ಮರವನ್ನು ತಟ್ಟತಕ್ಕದ್ದು. ಕಚೇರಿಯ ಪೀಠೋಪಕರಣವೆಲ್ಲ ಕಬ್ಬಿಣದ್ದಾಗಿರುವುದರಿಂದ ಮೂರು ಶಾಖೆಗೆ ಒಂದರಂತೆ ಹಲಗೆ ಒದಗಿಸಲಾಗಿದ್ದು, ಹಲಗೆ ಬರುವವರೆಗೆ ಮಾತನ್ನು ಬಾಯಲ್ಲೇ ಇಟ್ಟುಕೊಂಡಿರತಕ್ಕದ್ದು.

ಈ ಕಟ್ಟಳೆ ಮುರಿದುದರ ಪರಿಣಾಮಕ್ಕೆ ಹಿಂದಿನ ಉದಾಹರಣೆಯೊಂದಿದೆ. ತಂಡ ಇಲ್ಲಿ ಆಡಿದ ಕೊನೆಯ ಸೆಪ್ಟೆಂಬರಿನಲ್ಲಿ ಆರ್ಗನ್ ವಾದಕಿ ಬರ್ನೀಸ್ ಕೊವಾಚಿಕ್ ಅವರನ್ನು ಸ್ಥಳೀಯ ರೇಡಿಯೊದವರು, ತಂಡ ಊರು ಬಿಡುತ್ತದಂತೆ ನಿಜವೇ ಎಂದು ಕೇಳಿದರು. ಆಕೆ ನಕ್ಕು, “ನಮ್ಮವರು ಎಲ್ಲಿಗೂ ಹೋಗಲ್ಲ ಬಿಡಿ” ಎಂದರು. ಮೂರು ವಾರದಲ್ಲಿ ತಂಡ ಹೋಯಿತು. ಆಕೆಯ ಬಾಯಿಯಿಂದಲೇ ಹೋಯಿತೆಂದು ಊರು ತೀರ್ಮಾನಿಸಿತು. ಬೇಕರಿಯವರು ಆಕೆಗೆ ಬ್ರೆಡ್ಡು ಕೊಡುವುದನ್ನು ನಿಲ್ಲಿಸಿದರು. ಭಾನುವಾರದ ಊಟಕ್ಕೆ ತಾಯಿಯ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಸದರಿ ಅಧಿಕಾರಿಯು, ಕೋಸಿನ ಪಲ್ಯದ ತಟ್ಟೆಯನ್ನು ಅಕ್ಕನ ಕಡೆ ಸರಿಸದೆ, “ನೀನು ಬಾಯಿ ಬಿಟ್ಟೆ ಬರ್ನಿ, ಊರು ಹಾಳಾಯ್ತು” ಎಂದು ಹೇಳಿರುತ್ತಾರೆ. ಆಕೆ ಅದೇ ತಿಂಗಳು ತಂಡದ ಹಿಂದೆಯೇ ಹೊರಟುಹೋದರು. ಅಲ್ಲಿಂದೀಚೆಗೆ ಅಕ್ಕ ತಮ್ಮನ ನಡುವೆ, ತಾಯಿಯ ಅಂತ್ಯಕ್ರಿಯೆಯ ದಿನ ‘ಗಾಳಿ ಜೋರಾಗಿದೆ’, ‘ಹೌದು’ ಎಂಬುದರ ಹೊರತು ಬೇರೆ ಮಾತು ನಡೆದ ದಾಖಲೆ ಇರುವುದಿಲ್ಲ.

5. ಇಪ್ಪತ್ತೆರಡು ವರ್ಷದಲ್ಲಿ ಬೇರೆ ಊರಿನ ತಂಡಕ್ಕೆ ಮನಸ್ಸು ಕೊಟ್ಟವರು ಶುಕ್ರವಾರ ಸಂಜೆಯೊಳಗೆ ಲಿಖಿತವಾಗಿ ತಿಳಿಸಿದಲ್ಲಿ ಕ್ಷಮಾದಾನ ನೀಡಲಾಗುವುದು. ಅಂಬಿಗರ ಆಟವನ್ನೇ ಟಿವಿಯಲ್ಲಿ ಕದ್ದು ನೋಡುತ್ತಿದ್ದವರು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಪರದೆ ಎಳೆದು, ದನಿ ಅಡಗಿಸಿ ನೋಡಿದ್ದಲ್ಲಿ ರಿಯಾಯಿತಿ ಇದೆ. ಒಬ್ಬ ಅರ್ಜಿದಾರರು, ತಾವು ಆಟವನ್ನು ನೋಡುತ್ತಿರಲಿಲ್ಲ, ಸರದಿಯ ನಡುವೆ ಆರ್ಗನ್ ನುಡಿಸುವಾಗ ಮಾತ್ರ ದನಿ ಏರಿಸಿ ಕೇಳಿ ಮತ್ತೆ ಅಡಗಿಸುತ್ತಿದ್ದುದಾಗಿ ಬರೆದಿರುತ್ತಾರೆ. ಅರ್ಜಿದಾರರು ಈ ಇಲಾಖೆಯವರೇ ಆಗಿರುವುದರಿಂದ ಅರ್ಜಿಯನ್ನು ಬಾಕಿ ಇಡಲಾಗಿದೆ.

6. ತಂಡ ಹೋದ ಮೇಲೆ ಹುಟ್ಟಿದವರಿಗೆ ಸಿಟ್ಟೇ ಇಲ್ಲದಿರುವುದು ಕಳವಳಕಾರಿ. ಇವರಿಗಾಗಿ ಗ್ರಂಥಾಲಯದಲ್ಲಿ ಎರಡು ಗಂಟೆಯ ಸಿಟ್ಟಿನ ತರಬೇತಿ ಏರ್ಪಡಿಸಲಾಗಿತ್ತು. ತರಬೇತಿ ನೀಡಿದ ನಿವೃತ್ತ ಶಿಕ್ಷಕಿ ಡೆಲ್ಫೀನ್ ಒಗ್ರಾಡಿ ಅವರು ಇಪ್ಪತ್ತನೇ ನಿಮಿಷದಲ್ಲಿ ತಾವೇ ಅತ್ತು, “ನನ್ನ ಗಂಡ ಬಿಟ್ಟುಹೋದಾಗ ಇಷ್ಟು ಅಳಲಿಲ್ಲ ಮಕ್ಳೇ. ಅವ್ನು ತಿರುಗಿ ಬಂದಾಗ ಇನ್ನೂ ಜಾಸ್ತಿ ಅತ್ತೆ, ಅದು ಬೇರೆ ಮಾತು” ಎಂದರು. ಮಕ್ಕಳು ಬಿದ್ದುಬಿದ್ದು ನಕ್ಕಿದ್ದರಿಂದ ಯಾರಿಗೂ ಪ್ರಮಾಣಪತ್ರ ನೀಡಿಲ್ಲ.

7. ಆಟಗಾರರಿಗೆ ಸಾಸೇಜಿನ ಬನ್ನನ್ನು ಉಗುರುಬೆಚ್ಚಗೆ ಕೊಡತಕ್ಕದ್ದು. ಬಿಸಿಯಾಗಿ ಕೊಟ್ಟಲ್ಲಿ ಪ್ರೀತಿ ಎಂದೂ, ತಣ್ಣಗೆ ಕೊಟ್ಟಲ್ಲಿ ದ್ವೇಷ ಎಂದೂ ಅಪಾರ್ಥವಾಗುತ್ತದೆ. ಈ ಊರಿನ ವಾಡಿಕೆಯ ಸಾಸಿವೆ ಗೊಜ್ಜಿನ ಬದಲು ಟೊಮೆಟೊ ಸಾಸ್ ಕೇಳಿದ ಆಟಗಾರನು ಮರಳುಗಾಡಿನಲ್ಲಿ ಕೆಟ್ಟಿದ್ದಾನೆಂದು ತಿಳಿದು ಅನುಕಂಪದಿಂದ ನಡೆದುಕೊಳ್ಳತಕ್ಕದ್ದು.

8. ಈ ಕಂಡಿಕೆಯಲ್ಲಿ ಮೇಯರ್ ಅವರ ಹೆಸರು ಬಂದಿದ್ದರಿಂದ ಕೈಬಿಡಲಾಗಿದೆ.

9. ಈ ಹಂತದಲ್ಲಿ, ಬಿಟ್ಟುಹೋದವರನ್ನು ಸ್ವಾಗತಿಸುವ ಬಗ್ಗೆ ಹಳೆಯ ನಿಯಮವೇನಾದರೂ ಇದೆಯೇ ಎಂದು ನೋಡಲು ಸದರಿ ಅಧಿಕಾರಿಯು ಮಂಗಳವಾರ ಮಧ್ಯಾಹ್ನ ನೆಲಮಾಳಿಗೆಯ ಕಡತ ಕೋಣೆಗೆ ಇಳಿದರು. ನಿಯಮ ಸಿಗಲಿಲ್ಲ. ‘ಉದ್ಯಾನದ ಬೆಂಚು ದುರಸ್ತಿ’ ಎಂಬ ಕಡತದೊಳಗೆ, ಬಡಗಿಯ ಎರಡು ಪತ್ರಗಳ ನಡುವೆ, ಅಂಬಿಗರು ತಂಡದ ಪತ್ರವೊಂದು ಸಿಕ್ಕಿತು. ತಾವು ಊರು ಬಿಡುವ ಯೋಚನೆಯಲ್ಲಿದ್ದೇವೆ, ಇರಿ ಎಂದು ನಗರಸಭೆ ಹೇಳುವುದಾದರೆ ತೊಂಬತ್ತು ದಿನದೊಳಗೆ ತಿಳಿಸಿ, ಕೂತು ಮಾತಾಡೋಣ, ಉತ್ತರ ಬಾರದಿದ್ದಲ್ಲಿ ಆಕ್ಷೇಪವಿಲ್ಲವೆಂದು ಭಾವಿಸುತ್ತೇವೆ ಎಂದು ಅದರಲ್ಲಿದೆ. ತಂಡ ಊರು ಬಿಟ್ಟ ವರ್ಷದ ಏಪ್ರಿಲಿನ ಪತ್ರ. ಬರ್ನೀಸ್ ಕೊವಾಚಿಕ್ ಅವರು ರೇಡಿಯೊದಲ್ಲಿ ಬಾಯಿ ಬಿಡುವುದಕ್ಕೆ ಐದು ತಿಂಗಳು ಮೊದಲಿನದು.

ಅಂದರೆ ತಂಡವು ಹೇಳಿಯೇ ಹೋಗಿದೆ.

10. ಸ್ವೀಕೃತಿ ಮುದ್ರೆಯ ಕೆಳಗೆ ‘ಅ.ಕೊ.’ ಎಂಬ ಕಿರುಸಹಿ ಇದೆ. ಆ ಕಾಲದಲ್ಲಿ ಇಲಾಖೆಯಲ್ಲಿ ಆ ಕಿರುಸಹಿಯವರು ಒಬ್ಬರೇ ಇದ್ದರು. ಈಗಲೂ ಒಬ್ಬರೇ ಇದ್ದಾರೆ.

ಮುದ್ರೆಯ ದಿನಾಂಕವನ್ನು ಪರಿಶೀಲಿಸಲಾಗಿ, ಅದು ಆ ವರ್ಷದ ಮೊದಲ ಆಟದ ದಿನ. ಆ ದಿನ ಮಧ್ಯಾಹ್ನ ಈ ಊರಿನ ಕಚೇರಿಗಳಲ್ಲಿ ಎಲ್ಲರಿಗೂ ಹೊಟ್ಟೆನೋವು ಬರುವುದು, ಸತ್ತ ಅಜ್ಜಿಯರು ಮತ್ತೊಮ್ಮೆ ಸಾಯುವುದು ಮೊದಲಿನಿಂದ ನಡೆದುಬಂದಿದೆ. ಒಂದು ಗಂಟೆಯ ಮೊದಲ ಚೆಂಡಿಗೆ ಮೈದಾನ ಸೇರಬೇಕೆಂಬ ಅವಸರದಲ್ಲಿ ಸದರಿ ಅಧಿಕಾರಿಯು ಅಂದಿನ ಟಪಾಲನ್ನೆಲ್ಲ ಒಂದೇ ಉಸಿರಿಗೆ ಮುದ್ರೆ ಒತ್ತಿ, ಓದದೆ, ಮೇಜಿನ ಮೇಲೆ ತೆರೆದಿದ್ದ ಕಡತಕ್ಕೆ ತುರುಕಿ ಓಡಿರುತ್ತಾರೆ. ತಂಡ ಹೋಗುತ್ತೇನೆಂದು ಬರೆದ ಪತ್ರವನ್ನು ತಂಡದ ಆಟ ನೋಡುವ ಆತುರದಲ್ಲಿ ಬೆಂಚಿನ ಕಡತಕ್ಕೆ ಸೇರಿಸಲಾಗಿದೆ. ಆ ಆಟದಲ್ಲಿ ಅಂಬಿಗರು ಎರಡಕ್ಕೆ ಒಂಬತ್ತರಂತೆ ಸೋತರು. ಸದರಿ ಅಧಿಕಾರಿ ತಡವಾಗಿ ಮೆಟ್ಟಿಲು ಹತ್ತುತ್ತಿರುವುದನ್ನು ಮೇಲಿನಿಂದ ಕಂಡ ಅಕ್ಕ, ಆರ್ಗನ್ನಿನಲ್ಲಿ ಅವರ ಹೆಜ್ಜೆಗೆ ಸರಿಯಾಗಿ ತಾಳ ಹಾಕಿ ಇಡೀ ಮೈದಾನವನ್ನು ನಗಿಸಿದ್ದರು. ಇದು ಕಡತದಲ್ಲಿಲ್ಲ. ಸದರಿ ಅಧಿಕಾರಿಗೆ ನೆನಪಿದೆ.

11. ಮೇಲ್ಕಂಡ ಕಾರಣಗಳಿಂದ:

(ಅ) ಕಂಡಿಕೆ 1ರಿಂದ 7ರವರೆಗಿನ ಸೂಚನೆಗಳನ್ನು ರದ್ದುಪಡಿಸಲಾಗಿದೆ. ಅವು ಈಗಾಗಲೇ ಅಚ್ಚಾಗಿರುವುದರಿಂದ ಓದಿಕೊಂಡು ಮರೆಯತಕ್ಕದ್ದು. ತಂಡವನ್ನು ಎರಡೂ ಕೈಯಿಂದ ಸ್ವಾಗತಿಸತಕ್ಕದ್ದು. ನಾಯಿಗಳನ್ನು ಆಯಾ ಮಾಲೀಕರಿಗೆ ಹಿಂತಿರುಗಿಸತಕ್ಕದ್ದು.

(ಆ) ಊರಿಗೆ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕೆಂದಿದ್ದಲ್ಲಿ, ಸದರಿ ಅಧಿಕಾರಿಯು ಸೋಮವಾರದಿಂದ ಕಚೇರಿ ವೇಳೆಯಲ್ಲಿ ಲಭ್ಯವಿರುತ್ತಾರೆ. ಲೂಥರ್ ಪಿಂಕ್ನಿ ಅವರು ಮೊದಲ ಸರದಿ ಕಾದಿರಿಸಿದ್ದಾರೆ.

(ಇ) ಬರ್ನೀಸ್ ಕೊವಾಚಿಕ್ ಅವರ ಬಾಯಿಯಿಂದ ಊರು ಹಾಳಾಯಿತೆಂಬ ತೀರ್ಮಾನಕ್ಕೆ ಆಧಾರವಿಲ್ಲದಿರುವುದು ಸಾಬೀತಾಗಿದೆ. ಭಾನುವಾರದ ಊಟದ ಮೇಜಿನಲ್ಲಿ ಆಡಿದ ಮಾತನ್ನು ಅದು ಆಡಿದ ದಿನದಿಂದಲೇ ಜಾರಿಗೆ ಬರುವಂತೆ ಈ ಮೂಲಕ ಹಿಂಪಡೆಯಲಾಗಿದೆ. ಇಪ್ಪತ್ತೆರಡು ವರ್ಷ ತಡವಾದುದಕ್ಕೆ ಇಲಾಖೆಯು ವಿಷಾದಿಸುತ್ತದೆ. ಇಲಾಖೆ ಎಂದರೆ ಇಲ್ಲಿ ಅರ್ವಿನ್ ಎಂದು ಓದಿಕೊಳ್ಳತಕ್ಕದ್ದು.

ಸಹಿ/-
(ಅರ್ವಿನ್ ಕೊವಾಚಿಕ್)
ಅಧೀನ ಅಧಿಕಾರಿ, ಹೆಸರಿಲ್ಲದ ಇಲಾಖೆ
ಮೇಯರ್ ಅವರ ಪರವಾಗಿ, ಅವರಿಗೆ ತಿಳಿಯದಂತೆ

ಪ್ರತಿಗಳು:

1. ತಂಡದ ಮಾಲೀಕರಿಗೆ, ಅವರ ಏಪ್ರಿಲ್ ಪತ್ರಕ್ಕೆ ಉತ್ತರವಾಗಿ. ತೊಂಬತ್ತು ದಿನ ಮೀರಿರುವುದನ್ನು ದಯಮಾಡಿ ಮನ್ನಿಸಬೇಕಾಗಿ ಕೋರಿದೆ.

2. ಹವಾಮಾನ ಕಚೇರಿಗೆ. ಚಳಿ ಬೇಡ.

3. ಬೇಕರಿಯವರಿಗೆ, ಸೂಕ್ತ ಕ್ರಮಕ್ಕಾಗಿ. ಶನಿವಾರಕ್ಕೆ ರೈ ಬ್ರೆಡ್ಡು ಒಂದು.

4. ‘ಉದ್ಯಾನದ ಬೆಂಚು ದುರಸ್ತಿ’ ಕಡತಕ್ಕೆ. ಬಡಗಿಯವರು ಇನ್ನೂ ಉತ್ತರಕ್ಕಾಗಿ ಕಾಯುತ್ತಿದ್ದಾರೆ.

5. ಬರ್ನೀಸ್ ಕೊವಾಚಿಕ್ ಅವರಿಗೆ. ಅಂಚೆಯಲ್ಲಿ ಕಳುಹಿಸತಕ್ಕದ್ದಲ್ಲ. ಬಸ್ಸಿನ ಬಾಗಿಲಲ್ಲಿ ಸದರಿ ಅಧಿಕಾರಿಯು ಕಂಡಿಕೆ 11(ಇ)ಯನ್ನು ತಾನೇ ಗಟ್ಟಿಯಾಗಿ ಓದತಕ್ಕದ್ದು. ಓದಲು ದನಿ ಏಳದಿದ್ದಲ್ಲಿ, ಪ್ರತಿಯನ್ನು ಆಕೆಯ ಕೈಗೆ ಕೊಟ್ಟು, ಆಕೆಯ ಪೆಟ್ಟಿಗೆಯನ್ನು ಎತ್ತಿಕೊಂಡು ಮನೆಯ ಕಡೆ ನಡೆಯತಕ್ಕದ್ದು.