ಉಮಾಪತಿ ಮೇಷ್ಟ್ರ ಬೇವಿನ ಮರ

ಎಲ್ಲಕ್ಕೂ ಕಾರಣ ಹೊಸ ಕಾರು. ದೇಶದ ಕಾಡುಗಳ ವಿಸ್ತಾರವನ್ನೆಲ್ಲ ಬಾಯಿಪಾಠ ಹೇಳುವ ಉಮಾಪತಿ ಮೇಷ್ಟ್ರು ತಮ್ಮ ಗೇಟಿನ ಅಳತೆ ನೋಡದೆ ಅದನ್ನು ಕೊಂಡಿದ್ದರು. ನಾಗಪುರದ ಸದರ್ ಬಡಾವಣೆಯ ಅವರ ಮನೆಯ ಗೇಟಿಗೆ ಅಡ್ಡವಾಗಿ ಹಳೆಯ ಬೇವಿನ ಮರ. ಬೀದಿಯಲ್ಲೇ ನಿಂತ ಕಾರಿಗೆ ಕಾಗೆ, ಬೆಳ್ಳಕ್ಕಿಗಳು ದಿನಾ ಸುಣ್ಣ ಬಳಿಯುತ್ತಿದ್ದವು.

ವಿಶ್ವವಿದ್ಯಾಲಯದಲ್ಲಿ ಅರಣ್ಯ ಸಂರಕ್ಷಣೆ, ಪರಿಸರ ನೀತಿ ಕಲಿಸುವ ಮೇಷ್ಟ್ರು ಸಾಮಾನ್ಯರಲ್ಲ. ಅವರ ಪಾಠಕ್ಕೆ ಕೊನೇ ಬೆಂಚಿನವರೂ ಮೊಬೈಲ್ ಕೆಳಗಿಡುತ್ತಿದ್ದರು; ಉಮರೇಡ್‌ನ ಕಲ್ಲಿದ್ದಲು ಗಣಿ ಕಡೆಯ ಹುಡುಗರೂ ಕಾಡಿನ ಪರ ವಾದಿಸುತ್ತ ಮನೆಗೆ ಹೋಗುತ್ತಿದ್ದರು. ಅಂಥವರು ಮರ ಕಡಿಸುವುದೆಂದರೆ ಮರ್ಯಾದೆಯ ಪ್ರಶ್ನೆ. ಪುಣ್ಯಕ್ಕೆ ಮನೆ ಹೆಂಡತಿ ನೀಲಾಂಬಿಕಾ ಹೆಸರಲ್ಲಿತ್ತು. ಅರ್ಜಿಗೆ ಅವರ ಸಹಿಯೇ ಬಿತ್ತು. ಪಾಲಿಕೆಯವರು ವಾಡಿಕೆಯಂತೆ ಮರಕ್ಕೆ ನೋಟೀಸು ಅಂಟಿಸಿದರು: ಕಡಿಯಲು ಅರ್ಜಿ ಬಂದಿದೆ, ತಕರಾರಿದ್ದವರು ತಿಳಿಸಿ.

ಯಾರು ತಕರಾರು ಮಾಡುತ್ತಾರೆಂದು ಮೇಷ್ಟ್ರು ನಿಶ್ಚಿಂತರಾಗಿದ್ದರು. 'ನೋಟೀಸು ಬಿದ್ದ ಮರ ಹುಡುಕಿ ಉಳಿಸಿ' ಎಂದು ವರ್ಷವರ್ಷವೂ ಕ್ಲಾಸಿಗೆ ಕೆಲಸ ಕೊಡುವವರು ತಾವೇ ಎನ್ನುವುದು ಮರೆತೇಹೋಗಿತ್ತು.

ಪರಿಶೀಲನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಇಡೀ ಕ್ಲಾಸೇ ಮರ ತಬ್ಬಿ ನಿಂತಿತ್ತು.

"ಸರ್! ನಮಗಿಂತ ಜಲ್ದಿ ಬಂದೀರಲ್ಲ!" ರೈಲ್ವೆ ಕಾಲೊನಿಯ ಕನ್ನಡದ ಹುಡುಗಿ ಅಕ್ಷರಾ ಕೂಗಿದಳು. "ಈ ಮನಿಯವ್ರಿಗೆ ಬುದ್ಧಿ ಹೇಳಾಕ ಬಂದೀರಿ, ಹೌದಲ್ರಿ?"

"ಹೌದವ್ವಾ... ಅದಕ್ಕ ಬಂದೇನಿ," ಎಂದರು ಮೇಷ್ಟ್ರು, ಸ್ವಂತ ಮನೆಯ ಹೊಸ್ತಿಲಲ್ಲಿ ನಿಂತು. ಒಳಗಿನಿಂದ ನೀಲಾಂಬಿಕಾ ಕಣ್ಣು ಕಣ್ಣು ಬಿಟ್ಟರು.

ಅಷ್ಟರಲ್ಲಿ ಪರಿಶೀಲನೆಗೆ ಅಧಿಕಾರಿ ಶ್ರೀಪಾದ ಬಂದ. ಅವನೂ ಹಳೆಯ ಶಿಷ್ಯ. ಬಂದವನೇ ಕಾಲಿಗೆ ಬಿದ್ದ. "ನೀವಿದ್ದ ಮೇಲೆ ಮರದ ಪರ ನೀವೇ ಮಾತಾಡಬೇಕು ಸರ್," ಎಂದ ಮರಾಠಿಯಲ್ಲಿ.

ನಾಲ್ಕು ಮಾತು ಹೇಳಿ ಜಾರಿಕೊಳ್ಳೋಣವೆಂದೇ ಮೇಷ್ಟ್ರು ಬಾಯಿ ತೆರೆದರು. ಆದರೆ ಮರದ ನೆರಳಿಗೆ ಬಂದದ್ದೇ ತಡ, ಒಳಗಿನ ಗುರು ಎದ್ದು ನಿಂತ. ನಾಗಪುರದ ಬಿಸಿಲು, ಇಲ್ಲಿ ದಣಿವಾರಿಸಿಕೊಳ್ಳುವ ಆಟೋದವರು, ಕೊಂಬೆಕೊಂಬೆಗೂ ಗೂಡು, ಮರದ ಪರವಾಗಿಯೂ ನ್ಯಾಯ ಕೇಳಲು ಅವಕಾಶ ಕೊಟ್ಟಿರುವ ಕಾನೂನು, ಎಲ್ಲವೂ ಬಂತು. ಕೊನೆಗೆ ತಮ್ಮ ಕಾರಿಗೇ ಕೈ ತೋರಿಸಿ, "ಇಂಥ ತಗಡಿನ ಡಬ್ಬಿಗಾಗಿ ಇದನ್ನು ಕಡಿಯುವುದೇ?" ಎಂದು ಗುಡುಗಿದರು. ಆಟೋದವರು ಚಪ್ಪಾಳೆ ಹೊಡೆದರು, ಶ್ರೀಪಾದ ಕಣ್ಣೊರೆಸಿಕೊಂಡ. ನಿಜಕ್ಕೂ ಕೇಳಬೇಕಾದ ಮಾತು ಅದು.

ಮೇಷ್ಟ್ರಿಗೆ ಆಗಲೂ ಒಂದು ಧೈರ್ಯವಿತ್ತು. ಅರ್ಜಿ ಹೆಂಡತಿಯದು, ಮದುವೆಯಾದಾಗಿನಿಂದ ತಮ್ಮ ಒಂದು ಮಾತಿಗೂ ಆಕೆ ಒಪ್ಪಿ ತಲೆಯಾಡಿಸಿದವರಲ್ಲ.

ನೀಲಾಂಬಿಕಾ ಹೊರಗೆ ಬಂದರು. ಕಣ್ಣು ತುಂಬಿತ್ತು.

"ಮದುವಿ ಆಗಿ ಇಷ್ಟು ವರ್ಷ ಆತು, ನಿಮ್ಮ ಪಾಠ ಕೇಳೇ ಇರಲಿಲ್ಲ ನೋಡ್ರಿ. ಏನ್ ಚಲೋ ಹೇಳ್ತೀರ್ರಿ!" ಎಂದವರೇ ಶ್ರೀಪಾದನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು, "ನನ್ನ ಅರ್ಜಿ ವಾಪಸ್ ಕೊಡಿ. ಮರ ಇರಲಿ."

"ಅಂದ್ರ ಇದು ಸರ್ ಮನಿ?" ಅಕ್ಷರಾ ಬೆರಗಾದಳು. "ಮರಕ್ಕಾಗಿ ಸ್ವಂತ ಮನಿಯವ್ರ ವಿರುದ್ಧ ನಿಂತ್ರಾ!"

ಹುಡುಗರು ಮೇಷ್ಟ್ರನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಕೆಳಗಿಳಿದು ಜೇಬು ಮುಟ್ಟಿಕೊಂಡರೆ ಕಾರಿನ ಕೀಲಿಕೈ ಇಲ್ಲ. ಕುಣಿತದಲ್ಲಿ ಬಿದ್ದ ಅದು ನೀಲಾಂಬಿಕಾ ಕೈಯಲ್ಲಿತ್ತು.

"ಇದನ್ನ ಇವತ್ತ ಮಾರಿಬಿಡೋಣ್ರಿ."

"ಮತ್ತ ನಾ ಪಾಠಕ್ಕ ಹೆಂಗ ಹೋಗ್ಲಿ?"

"ಬಸ್ಸಿನ್ಯಾಗ. ತಗಡಿನ ಡಬ್ಬಿ ಅಂತ ನೀವ ಹೇಳಿದ್ರಲ್ಲ."