ಬಿಗ್ ಮನೆಯೂ ಲಾರ್ಜ್ ಮನೆಯೂ ಒಂದೇ ಎಂದು ಮನವರಿಕೆ ಮಾಡುವ ಅರ್ಜಿ

ಇಂದ:
ಕಲ್ಮೇಶ ಮುದಕಪ್ಪ ಬಾಳಿಕಾಯಿ,
ನೀರಾವರಿ ಪೈಪಿನ ವ್ಯಾಪಾರಿ ಹಾಗೂ ತಿರಸ್ಕೃತ ವರ,
ನೇಸರಗಿ.

ಗೆ:
ಶ್ರೀ ಸೋಮಪ್ಪನವರು,
ನಿವೃತ್ತ ಕಚೇರಿ ಅಧೀಕ್ಷಕರು ಹಾಗೂ ಕನ್ಯೆಯ ತಂದೆ,
ಮುನವಳ್ಳಿ.

ವಿಷಯ: ಒಂದೇ ಅರ್ಥದ ಇಂಗ್ಲಿಷ್ ವಿಶೇಷಣಗಳನ್ನು ಜೋಡಿಯಾಗಿ ಬಳಸಿದ ಕಾರಣ ಮುರಿದುಬಿದ್ದ ಸಂಬಂಧವನ್ನು ಮರುಪರಿಶೀಲಿಸುವ ಕುರಿತು.

ಉಲ್ಲೇಖ: ಕಳೆದ ರವಿವಾರ ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ತಾವು ಹೊರಡಿಸಿದ "ಇದು ಆಗೂದಲ್ಲ ಬಿಡ್ರಿ" ಎಂಬ ಮೌಖಿಕ ಆದೇಶ.

ಮಾನ್ಯರೇ,

1. ನನ್ನ ಬಯೋಡಾಟಾ ಬರೆದವನು ಬೈಲಹೊಂಗಲದಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿಬಂದ ನನ್ನ ಸಹೋದರ ಆಕಾಶ. ತಮ್ಮ ಮಗಳು ಸ್ನೇಹಲ್ ಇಂಗ್ಲಿಷ್ ಶಿಕ್ಷಕಿಯಾದ ಕಾರಣ ಅವನು, "ಅಣ್ಣಾ, ಒಂದೊಂದ ಶಬ್ದಾ ಬರದ್ರ ಬಡವರ ಇಂಗ್ಲಿಷ್ ಕಂಡಂಗ ಕಾಣತೈತಿ" ಎಂದು ಎಲ್ಲ ಕಡೆಗೂ ಎರಡೆರಡು ಹಾಕಿದನು. ಆದ್ದರಿಂದ ನಮ್ಮದು 'ಬಿಗ್ ಲಾರ್ಜ್ ಹೌಸ್' ಆಯಿತು. ನಾನು 'ಕ್ವಾಯಟ್ ಸೈಲೆಂಟ್ ಬಾಯ್' ಆದೆ. ನಮ್ಮ ತಾಯಿ ಬಾಯವ್ವ 'ಓಲ್ಡ್ ಏನ್ಶಿಯಂಟ್ ಮದರ್' ಆದರು. ಲಾರ್ಜ್ ಎಂಬುದು ಬಿಗ್‌ಗಿಂತ ಒಂದು ಅಳತೆ ಮೇಲೆ ಎಂದು, ಅಂಗಿ ಕೊಂಡ ಅನುಭವದಿಂದ, ನಾನೂ ನಂಬಿದ್ದೆ.

2. ತಾವು ಮಗಳನ್ನೂ ತಮ್ಮ ತಾಯಿ ಇಂದ್ರವ್ವನವರನ್ನೂ ಕರೆದುಕೊಂಡು ನಮ್ಮ ಮನೆ ನೋಡಲು ಬಂದಿರಿ. ಪಡಸಾಲೆ, ಅಡುಗೆಮನೆ, ದೇವರಕೋಣೆ ಎಲ್ಲ ನೋಡಿದ ಮೇಲೆ ಇಂದ್ರವ್ವನವರು ಸೆರಗು ಸರಿಮಾಡಿಕೊಂಡು, "ಬಿಗ್ ಮನಿ ನೋಡಿದ್ವಿ. ಲಾರ್ಜ್ ಮನಿ ಎಲ್ಲೈತ್ರಿ?" ಎಂದು ಕೇಳಿದರು. ಆಕಾಶ ಗಾಬರಿಯಾಗಿ, "ಹಿತ್ತಲದಾಗ ಐತ್ರಿ" ಎಂದುಬಿಟ್ಟನು. ತಾವೆಲ್ಲರೂ ಹಿತ್ತಲಿಗೆ ಹೋಗಿ ಎಮ್ಮೆ ಕಟ್ಟುವ ಶೆಡ್ಡನ್ನು ನೋಡಿದಿರಿ. ಎಮ್ಮೆಯೂ ತಮ್ಮೆಲ್ಲರನ್ನೂ ನೋಡಿತು.

3. ಒಳಗೆ ಬಂದು ಊಟಕ್ಕೆ ಕುಳಿತ ಬಳಿಕ ತಾವು, "ಕ್ವಾಯಟ್ ಅಂದ್ರ ತಿಳೀತು. ಮ್ಯಾಲ ಸೈಲೆಂಟ್ ಯಾಕ? ಹುಡುಗಗ ಮಾತು ಬರೂದಿಲ್ಲೇನು? ಏನರ ಮಾತಾಡ್ಪಾ" ಎಂದಿರಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದ ಕಾರಣ, ಬಾಯಲ್ಲಿ ಇಡೀ ಶೇಂಗಾ ಉಂಡೆ ಇದ್ದ ಕಾರಣ, ಉತ್ತರ ಹೊರಡಲಿಲ್ಲ.

4. ಆಗ ನಮ್ಮ ತಾಯಿ, "ನನ್ನ ಬಗ್ಗೆ ಏನ್ ಬರದಾರವಾ?" ಎಂದು ಸ್ನೇಹಲ್ ಅವರನ್ನು ಕೇಳಿದರು. ಅವರು ಸಂಕೋಚದಿಂದ, "ಮುದುಕಿ, ಪುರಾತನ ಕಾಲದಾಕಿ ಅಂತ ಬರದಾರ್ರಿ" ಎಂದರು. "ಇನ್ನೂ ದಿನಾ ಎಮ್ಮಿ ಹಿಂಡತೇನಿ, ನಾ ಪುರಾತನ ಆದ್ನೇನಲೇ!" ಎನ್ನುತ್ತ ತಾಯಿ ಲಟ್ಟಣಿಗೆ ಹಿಡಿದು ಆಕಾಶನನ್ನು ಓಣಿಯ ತುದಿಯವರೆಗೆ ಓಡಿಸಿದರು. ಸದರಿ ಗದ್ದಲದಲ್ಲಿಯೇ ತಾವು ಚಪ್ಪಲಿ ಹುಡುಕಿದ್ದು. ಆದರೆ ಸ್ನೇಹಲ್ ಅವರು ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

5. ಜೋಡಿ ಶಬ್ದ ಅಪರಾಧವಾದರೆ, "ರೊಟ್ಟಿ ಸಣ್ಣ ಸಣ್ಣ ತುಂಡು ಮಾಡಿ ಕೊಡ್ರಿ" ಎಂದು ಇಂದ್ರವ್ವನವರೂ ಅಂದು ನಮ್ಮಲ್ಲಿ ಕೇಳಿರುತ್ತಾರೆ. ಕನ್ನಡದಲ್ಲಿ ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಕಠಿಣ ಶಿಕ್ಷೆ ಸರಿಯೇ ಎಂಬುದನ್ನು ತಾವೇ ಪರಾಮರ್ಶಿಸಬೇಕು.

6. ಮೊನ್ನೆ ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಸ್ನೇಹಲ್ ಅವರು ಅಕಸ್ಮಾತ್ ಭೇಟಿಯಾದರು. ನಾನು ಧೈರ್ಯ ಮಾಡಿ ಕ್ಷಮೆ ಕೇಳಿದೆ.

"ಮಾತು ಬರತಾವಲ್ರೀ ನಿಮಗ!" ಎಂದರು.

"ಬರತಾವ್ರಿ. ಅವತ್ತ ಉಂಡಿ ಅಡ್ಡ ಬಂತ್ರಿ."

ಅವರು ಮತ್ತೆ ನಕ್ಕು, "ನಮ್ಮಪ್ಪಾರು ಬಾಯಿಮಾತಿಗೆ ಬಗ್ಗೂದಿಲ್ಲ. ನೌಕರಿ ಮುಗಿಯೂತನಾ ಬರೇ ಅರ್ಜಿನ ನೋಡ್ಯಾರ. ಒಂದು ಅರ್ಜಿ ಕೊಡ್ರಿ, ಕನ್ನಡದಾಗ" ಎಂದು ಸಲಹೆ ನೀಡಿದರು. ನನ್ನ ಬಸ್ಸು ಹೋಯಿತು. ಅವರ ಬಸ್ಸೂ ಹೋಯಿತು. ಇಬ್ಬರೂ ಹತ್ತಲಿಲ್ಲ.

ಆದ್ದರಿಂದ, ಈ ಮೇಲಿನ ಎಲ್ಲ ಕಾರಣಗಳಿಂದಾಗಿ, ಉಲ್ಲೇಖಿತ ಆದೇಶವನ್ನು ರದ್ದುಪಡಿಸಿ, ಕುಟುಂಬ ಸಮೇತ ಇನ್ನೊಮ್ಮೆ ನಮ್ಮಲ್ಲಿ ಊಟಕ್ಕೆ ಬರಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ
(ಅಳಿಯನೆಂದು ಸಹಿ ಹಾಕಲು ಅಪ್ಪಣೆ ಬೇಡುತ್ತ),
ಕಲ್ಮೇಶ

ಲಗತ್ತುಗಳು:
ಅ) ಕನ್ನಡದಲ್ಲಿ ಬರೆದ ಹೊಸ ಬಯೋಡಾಟಾ, ಮನೆ ಒಂದೇ.
ಆ) ತಾಯಿಯ ಆಧಾರ್ ನಕಲು, ಅವರ ಒತ್ತಾಯದ ಮೇರೆಗೆ.

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ, ಅಂಚೆಯಿಂದ ವಿಳಂಬವಾಗುವ ಕಾರಣ, ಹಿಂಬರಹವನ್ನು ತಮ್ಮ ಮಗಳ ಕೈಯಲ್ಲಿಯೇ ಕೊಟ್ಟು ಕಳಿಸಬೇಕಾಗಿ ವಿನಂತಿ. ನೇಸರಗಿಗೆ ಬಸ್ಸು ಎಷ್ಟು ಗಂಟೆಗೆಂದು ಅವರು ಈಗಾಗಲೇ ವಿಚಾರಿಸಿಕೊಂಡಿರುತ್ತಾರೆ.