ನನ್ನ ಹೆಸರಿನ ಸ್ಟ್ರೈಕರ್

ಮೊಬೈಲಿನಲ್ಲಿ ಫುಟ್ಬಾಲ್ ತಂಡ ನಡೆಸುವವನಿಗೆ ಮನೆಯಲ್ಲೂ ಮರ್ಯಾದೆ ಇಲ್ಲ, ಕೆಲಸದಲ್ಲೂ ಇಲ್ಲ. ಎಳೆಯ ಆಟಗಾರರನ್ನು ಹಿಡಿಯುದು, ತರಬೇತಿ ಕೊಟ್ಟು ಬೆಳೆಸುದು, ಬೇರೆಯವರ ತಂಡಗಳೊಟ್ಟಿಗೆ ಆಡಿಸುದು, ಇದೇ ಆ ಆನ್‌ಲೈನ್ ಆಟ. ನನಗೆ ಹದಿನಾರು ವರ್ಷದ ಒಬ್ಬ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವವ, ಸಿಕ್ಕಿದ. ಅವನಿಗೆ ನನ್ನದೇ ಹೆಸರಿಟ್ಟೆ. ಕಾಲೇಜಿನಲ್ಲಿ ಮಂಡಿ ಮುರಿದುಕೊಂಡು ನಾನು ಬಿಟ್ಟ ಆಟವನ್ನು ಇವನಾದರೂ ಆಡಲಿ ಅಂತ ಆಸೆ.

ಬಿಸಿನೀರು

ನಾನು ಸುಬ್ರಹ್ಮಣ್ಯದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುವವ. ಒಂದು ಬೆಳಿಗ್ಗೆ ಧಣಿಗಳು ಬಂದು, "ಎಂತ ಮಾರಾಯ, ಯಾವಾಗ ನೋಡಿದ್ರೂ ಮೊಬೈಲು?" ಅಂದರು.

"ಹುಡುಗರನ್ನು ಬೆಳೆಸ್ತಾ ಇದ್ದೇನೆ."

"ಬೆಳೆಸು, ಬೆಳೆಸು. ಅವರು ದೊಡ್ಡವರಾಗುವ ಮೊದಲು ಮೇಲಿನ ರೂಮಿಗೆ ಒಂದು ಬಕೆಟ್ ಬಿಸಿನೀರು ಮುಟ್ಟಿಸು. ಅಲ್ಲೊಬ್ಬರು ಸೋಪು ಹಚ್ಚಿ ಕೂತಿದ್ದಾರೆ."

ಹರಕೆ

ಒಂದು ಪಂದ್ಯದಲ್ಲಿ ನನ್ನ ಹೆಸರಿನ ಹುಡುಗನಿಗೆ ಪೆಟ್ಟಾಯಿತು. ಊಟಕ್ಕೆ ಕೂತಲ್ಲೇ "ಅಯ್ಯೋ, ಮಂಡಿ ಹೋಯ್ತು!" ಅಂತ ಕೂಗಿದೆ. ಅಮ್ಮ ಬಡಿಸುತ್ತಿದ್ದ ಸೌಟು ಬಿಟ್ಟು, "ಯಾರದ್ದು?" ಅಂದಳು.

"ನಮ್ಮ ತಂಡದ ಒಬ್ಬ ಹುಡುಗನದ್ದು. ಪಾಪ."

ಅವನಿರುವುದು ಮೊಬೈಲಿನೊಳಗೆ ಅಂತ ಬಿಡಿಸಿ ಹೇಳುವ ಮೊದಲೇ ಅಮ್ಮ ಹರಕೆ ಹೊತ್ತಾಗಿತ್ತು. ಪೂಜೆಗೆ ಹೆಸರು, ನಕ್ಷತ್ರ ಬೇಕಲ್ಲ? ಹೆಸರು ಹೇಗೂ ನನ್ನದೇ, ನಕ್ಷತ್ರವೂ ನನ್ನದನ್ನೇ ಕೊಟ್ಟೆ. ಮರುವಾರ ಅವನು ಎದ್ದು ಓಡಿದ. ನನ್ನ ಮಂಡಿ ಈಗಲೂ ಬಕೆಟ್ ಹಿಡಿದು ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದೆ. ಅದು ಮುರಿದ ದಿನ ಹರಕೆಯೂ ಇಲ್ಲ, ಮಣ್ಣೂ ಇಲ್ಲ. "ಯಾರು ಹೇಳಿದ್ದು ನಿನಗೆ ಆಡ್ಲಿಕ್ಕೆ?" ಅಂತ ಅಮ್ಮ ಬೈದಿದ್ದಳು, ಅಷ್ಟೇ.

ಭಾವನ ತಂಡ

ಹದಿನೆಂಟು ತುಂಬಿದವನನ್ನು ದೊಡ್ಡ ತಂಡ ಕರೆದರೆ ಅವನು ಹೋಗಬಹುದು ಅಂತ ಆಟದ ನಿಯಮ. ಕರೆದದ್ದು ಯಾರು? ಈಶ್ವರಮಂಗಲದಲ್ಲಿ ಕೂತು ಇದೇ ಆಟ ಆಡುವ ನನ್ನ ಅಕ್ಕನ ಗಂಡ! ಹುಡುಗ ಹೋಗಿಯೇ ಬಿಟ್ಟ. ಎಳವೆಯಿಂದ ಸಾಕಿದ್ದು ನಾನು, ಮೆರೆಯುದು ಭಾವ. ಮುಂದಿನ ಪಂದ್ಯದಲ್ಲಿ ನನ್ನ ಹೆಸರಿನವನೇ ನನ್ನ ತಂಡಕ್ಕೆ ಮೂರು ಗೋಲು ಹೊಡೆದ. ಭಾವ ಫೋನ್ ಮಾಡಿ, "ಒಳ್ಳೆ ಹುಡುಗ ಮಾರಾಯ, ಹೆಸರು ಮಾತ್ರ ನಿಂದು" ಅಂದರು.

ಅಮ್ಮನ ಹತ್ತಿರ ಎಲ್ಲ ಹೇಳಿ ಗೋಳಾಡಿದೆ. ಅವನು ಮೊಬೈಲಿನ ಹುಡುಗ ಅಂತ ಅಷ್ಟರಲ್ಲಿ ಅವಳಿಗೂ ಗೊತ್ತಾಗಿತ್ತು. ಆದರೂ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದಳು.

"ಬಚಾವಾದ. ನಿನ್ನೊಟ್ಟಿಗೇ ಇದ್ದಿದ್ರೆ ಅವನೂ ಬಿಸಿನೀರು ಹೊತ್ತುಕೊಂಡೇ ಇರ್ತಿದ್ದ."